ಹೊಟ್ಟು, ಚಿಂದಿ, ಮೆಣಸಿನಕಾಯಿ: ಬಳ್ಳಾರಿ ಮಕ್ಕಳ ಪ್ರಯೋಗಶಾಲೆ

ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಗುಡ್ಡೆ ಬೀಳುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಗಲ್ಲಿಗಳಿಂದ ನೀಲಿ ಚಿಂದಿಯ ಮೂಟೆಗಳು ಹೊರಬೀಳುತ್ತವೆ. ಕುರುಗೋಡು ಸೀಮೆಯಲ್ಲಿ ಸುಗ್ಗಿ ಬಂತೆಂದರೆ ಕಣದ ತುಂಬ ಮೆಣಸಿನಕಾಯಿ ಹರವಿರುತ್ತಾರೆ. ಶಾಲೆಗೆ ನಡೆದುಹೋಗುವ ಮಕ್ಕಳು ಇವನ್ನೆಲ್ಲ ದಿನವೂ ನೋಡುತ್ತಾರೆ, ಮೂಸುತ್ತಾರೆ, ತುಳಿಯುತ್ತಾರೆ. ಶಾಲೆಯ ಗೇಟು ದಾಟಿದ ಮೇಲೆ ಮಾತ್ರ ಇವು ಯಾವುವೂ ಪಾಠಕ್ಕೆ ಒದಗುವುದಿಲ್ಲ. ವಿಜ್ಞಾನ ಮೇಳ ಬಂದರೆ ಪೇಟೆಯಿಂದ ಥರ್ಮಕೋಲು ಬರುತ್ತದೆ, ಬಣ್ಣ ಬರುತ್ತದೆ, ಪರಿಸರ ಉಳಿಸಿ ಎಂದು ಸಾರುವ ಮಾದರಿಯೂ ಮರುದಿನ ಕಸದ ಗುಂಡಿ ಸೇರುತ್ತದೆ.

ಮಕ್ಕಳಿಗೆ ಹೊಸತನ್ನು ಹುಡುಕುವ ಬುದ್ಧಿಯನ್ನೂ ಸ್ವಂತ ಉದ್ಯಮ ಕಟ್ಟುವ ಧೈರ್ಯವನ್ನೂ ಕಲಿಸಬೇಕು ಎಂಬ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ಒಳ್ಳೆಯ ಮಾತು. ಆದರೆ ಆ ಕಲಿಕೆ ಮಗುವಿನ ಸ್ವಂತ ಊರಿನ ಒಂದು ತೊಂದರೆಯಿಂದ ಹೊರಡಬೇಕು, ಮುಚ್ಚುಮರೆಯಿಲ್ಲದ ಒಂದು ಲೆಕ್ಕದ ಪುಸ್ತಕದಲ್ಲಿ ಮುಗಿಯಬೇಕು. ಅದಕ್ಕೆ ಬೇಕಾದ ಸಾಮಗ್ರಿ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಕಾಲಿಗೆ ತೊಡರುವಷ್ಟಿದೆ.

ಬಾಗಿಲು ತೆರೆದೇ ಇದೆ

ದಾರಿಗಳು ಇಲ್ಲವೆಂದಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯೂ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವೂ ಸೇರಿ ನಡೆಸುವ ‘ಇನ್‌ಸ್ಪೈರ್ ಮಾನಕ್’ ಯೋಜನೆಯಲ್ಲಿ ಶಾಲೆಗಳು ಮಕ್ಕಳ ಸ್ವಂತ ವಿಚಾರಗಳನ್ನು ಕಳಿಸಬಹುದು. ಆಯ್ಕೆಯಾದ ಮಗುವಿನ ಖಾತೆಗೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ. ಹೊಸತನ, ಸಮಾಜಕ್ಕೆ ಆಗುವ ಉಪಯೋಗ, ಬಳಸಲು ಸುಲಭವೇ ಎಂಬುದರ ಜೊತೆಗೆ ಪರಿಸರಕ್ಕೆ ಹಿತವೇ ಎಂಬುದನ್ನೂ ಅಲ್ಲಿ ತೂಗಿ ನೋಡುತ್ತಾರೆ. ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಶುರುವಾಯಿತು. ಅದರಡಿ ದೇಶದ ಸುಮಾರು 10,000 ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದಿವೆ. ಒಂದು ಲ್ಯಾಬಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಇನ್ನೂ 50,000 ಲ್ಯಾಬ್‌ಗಳನ್ನು ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಕೊಡುವುದಾಗಿ 2025ರ ಬಜೆಟ್ ಹೇಳಿತು. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದವರು ತಮ್ಮೂರಿನ ಸಮಸ್ಯೆಯೊಂದನ್ನು ಅಧ್ಯಯನ ಮಾಡಿ ತಮ್ಮ ಭಾಷೆಯಲ್ಲೇ ವರದಿ ಮಂಡಿಸಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ 6ರಿಂದ 8ನೇ ತರಗತಿಯ ಮಕ್ಕಳಿಗೆ ಹತ್ತು ದಿನ ಚೀಲವಿಲ್ಲದ ಕಲಿಕೆ ಇರಲಿ, ಬಡಗಿ, ತೋಟಗಾರ, ಕುಂಬಾರರ ಬಳಿ ಕೂತು ಕಲಿಯಲಿ ಎಂದಿದೆ.

ನಮ್ಮದೇ ರಾಜ್ಯದ ಕಲಿಕಾ ಹಬ್ಬದಲ್ಲಿ ‘ಮಾಡು-ಆಡು’, ‘ಕಾಗದ-ಕತ್ತರಿ’, ‘ಊರು ತಿಳಿಯೋಣ’ ಎಂಬ ಮೂಲೆಗಳಿದ್ದವು. ಆ ಕೊನೆಯ ಮೂಲೆಯಲ್ಲೇ ಎಲ್ಲವೂ ಶುರುವಾಗುತ್ತದೆ. ಊರು ತಿಳಿಯದೆ ಊರಿಗೆ ಬೇಕಾದದ್ದನ್ನು ಮಾಡಲಾಗದು.

ಸಿರುಗುಪ್ಪ: ಹೊಟ್ಟು ಮತ್ತು ಹುಲ್ಲು

ತುಂಗಭದ್ರೆಯ ನೀರು ಸಿರುಗುಪ್ಪವನ್ನು ಭತ್ತದ ಕಣಜ ಮಾಡಿತು. ನೂರು ಕಿಲೋ ಭತ್ತ ಗಿರಣಿಗೆ ಹೋದರೆ ಸುಮಾರು ಇಪ್ಪತ್ತು ಕಿಲೋ ಹೊಟ್ಟು ಬರುತ್ತದೆ. ಅದನ್ನು ಸುಟ್ಟರೆ ನಾಲ್ಕು ಕಿಲೋದಷ್ಟು ಬೂದಿ. ಆ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕ. ಏಳನೇ ತರಗತಿಯ ಮಗುವಿಗೆ ಶೇಕಡಾ ಲೆಕ್ಕ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ತಮ್ಮೂರಿನ ಒಂದು ಗಿರಣಿ ದಿನಕ್ಕೆ ಎಷ್ಟು ಭತ್ತ ಅರೆಯುತ್ತದೆ ಎಂದು ಕೇಳಿಬಂದರೆ ಸಾಕು, ವರ್ಷದ ಬೂದಿ ಎಷ್ಟು, ಅದು ಎಲ್ಲಿಗೆ ಹೋಗುತ್ತದೆ, ಗಾಳಿ ಬೀಸಿದಾಗ ಯಾರ ಅಂಗಳಕ್ಕೆ ಬೀಳುತ್ತದೆ ಎಂಬ ಪ್ರಶ್ನೆಗಳು ತಾವಾಗಿ ಏಳುತ್ತವೆ.

ಈ ಬೂದಿಯಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ನಿದರ್ಶನವಿದೆ. ಪುಣೆಯ ಟಾಟಾ ಸಂಶೋಧನಾ ಕೇಂದ್ರದವರು ಹೊಟ್ಟಿನ ಬೂದಿಯಿಂದ ‘ಸುಜಲ್’ ಎಂಬ ಅಗ್ಗದ ನೀರಿನ ಸೋಸುಕ ರೂಪಿಸಿದರು. ಅದೇ ಹಾದಿಯಲ್ಲಿ ಬೂದಿಗೆ ಬೆಳ್ಳಿಯ ಅತಿಸೂಕ್ಷ್ಮ ಕಣ ಸೇರಿಸಿದ ‘ಟಾಟಾ ಸ್ವಚ್ಛ್’ 2009ರಲ್ಲಿ ಮಾರುಕಟ್ಟೆಗೆ ಬಂತು. ಮಕ್ಕಳು ಮರಳು, ಜಲ್ಲಿ, ಹೊಟ್ಟಿನ ಬೂದಿಗಳನ್ನು ಪದರ ಪದರವಾಗಿ ಹಾಕಿ ಕಾಲುವೆಯ ಕೆಂಪು ನೀರನ್ನು ಸೋಸಿ ನೋಡಬಹುದು. ನೀರು ತಿಳಿಯಾಗುವುದು ಬೇರೆ, ಕುಡಿಯಲು ಯೋಗ್ಯವಾಗುವುದು ಬೇರೆ ಎಂಬುದನ್ನು ಅಲ್ಲಿಯೇ ಕಲಿಯಬೇಕು. ನೀರಲ್ಲಿ ಕರಗಿದ ಫ್ಲೋರೈಡು, ಕಣ್ಣಿಗೆ ಕಾಣದ ರೋಗಾಣು ಈ ಪದರಗಳಿಗೆ ಸಿಕ್ಕವೆಂದು ನಂಬಿ ಕುಡಿಯುವಂತಿಲ್ಲ. ಸೋಸಿದ ನೀರನ್ನು ಶಾಲೆಯ ಕೈತೋಟಕ್ಕೆ ಹಾಕಲಿ. ತನ್ನ ಆವಿಷ್ಕಾರ ಏನು ಮಾಡಲಾರದು ಎಂದು ಹೇಳಬಲ್ಲ ಮಗುವೇ ವಿಜ್ಞಾನ ಕಲಿತ ಮಗು.

ಇನ್ನು ಭತ್ತದ ಹುಲ್ಲು. ಯಂತ್ರದಿಂದ ಕೊಯ್ದ ಗದ್ದೆಯಲ್ಲಿ ಉಳಿದ ಹುಲ್ಲಿಗೆ ಬೆಂಕಿ ಹಚ್ಚುವುದು ಭತ್ತದ ಸೀಮೆಗಳಲ್ಲೆಲ್ಲ ಕಾಣುವ ನೋಟ. ಅದೇ ಹುಲ್ಲನ್ನು ಕತ್ತರಿಸಿ, ನೆನೆಸಿ, ಬಿಸಿನೀರಲ್ಲಿ ಹದಮಾಡಿ, ಅಣಬೆ ಬೀಜ ಬೆರೆಸಿ ಚೀಲಕ್ಕೆ ತುಂಬಿದರೆ ಮೂರು ನಾಲ್ಕು ವಾರಗಳಲ್ಲಿ ಚಿಪ್ಪಣಬೆ ಬರುತ್ತದೆ. ಬಳ್ಳಾರಿಯ ಬೇಸಿಗೆ ಇದಕ್ಕೆ ಆಗದು. ನವೆಂಬರಿನಿಂದ ಜನವರಿವರೆಗಿನ ತಂಪು ಹವೆಯೇ ಕಾಲ. ಅಣಬೆ ಬೆಳೆದ ಮೇಲೆ ಉಳಿದ ಹುಲ್ಲು ಗೊಬ್ಬರದ ಗುಂಡಿಗೆ, ಅಲ್ಲಿಂದ ಕೈತೋಟಕ್ಕೆ. ಒಂದೇ ಚೀಲದಲ್ಲಿ ಜೀವಶಾಸ್ತ್ರ, ಶುಚಿತ್ವ, ಅಡುಗೆ, ಮಾರಾಟ ನಾಲ್ಕೂ ಇವೆ.

ಬಳ್ಳಾರಿ: ನೀಲಿ ಚಿಂದಿಯ ನಿಜ ಬೆಲೆ

ಬಳ್ಳಾರಿ ಬ್ರಿಟಿಷರ ದಂಡು ಇದ್ದ ಊರು. ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳ ಕೈಚಳಕವೇ ಮುಂದೆ ಜೀನ್ಸಿಗೆ ತಿರುಗಿತು ಎಂದು ಊರಿನವರು ಹೇಳುತ್ತಾರೆ. ಇಂದು ಮನೆಮನೆಯಲ್ಲಿ ಹೊಲಿಗೆ ಯಂತ್ರ ಓಡುವ ಓಣಿಗಳಿವೆ. ಕತ್ತರಿಸುವಾಗ ಉಳಿಯುವ ತುಂಡುಗಳಿಂದ ಪೆನ್ಸಿಲ್ ಚೀಲ, ಸಂತೆ ಚೀಲ, ನೆಲಹಾಸು, ಪುಸ್ತಕದ ಹೊದಿಕೆ ಮಾಡಬಹುದು. ಮಾಡುವುದು ಸುಲಭ. ಬೆಲೆ ಕಟ್ಟುವುದೇ ಕಷ್ಟ, ಪಾಠವಿರುವುದೂ ಅಲ್ಲಿಯೇ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಪೆನ್ಸಿಲ್ ಚೀಲಕ್ಕೆ ಜಿಪ್ 6 ರೂಪಾಯಿ, ದಾರ ಮತ್ತು ಒಳಬಟ್ಟೆ 4, ಚಿಂದಿ ತರಿಸಿದ ಖರ್ಚು 2, ಹೊಲಿಗೆ ಕೂಲಿ 10 ಎಂದಿಟ್ಟುಕೊಳ್ಳೋಣ. ಒಟ್ಟು 22. ಇಪ್ಪತ್ತೈದಕ್ಕೆ ಮಾರಿದರೆ ಮೂರು ರೂಪಾಯಿ ಲಾಭ. ಆದರೆ ಮಕ್ಕಳು ‘ನಮ್ಮ ಚಿಗವ್ವನೇ ಹೊಲಿದುಕೊಟ್ಟಳು, ಕೂಲಿ ಕೊಟ್ಟಿಲ್ಲ’ ಎಂದು ಹದಿಮೂರು ರೂಪಾಯಿ ಲಾಭ ಬರೆದರೆ ಮೇಷ್ಟ್ರು ಅಲ್ಲಿ ನಿಲ್ಲಿಸಿ ಕೇಳಬೇಕು: ಆ ಹತ್ತು ರೂಪಾಯಿ ಯಾರದು? ಮನೆಯ ಹೆಂಗಸರ ದುಡಿಮೆ ಲೆಕ್ಕಕ್ಕೆ ಬಾರದೆ ಲಾಭವಾಗಿ ಕಾಣುವುದನ್ನು ಹನ್ನೆರಡನೇ ವಯಸ್ಸಿನಲ್ಲೇ ಗುರುತಿಸಿದ ಮಗು ದೊಡ್ಡದಾದ ಮೇಲೆ ಬೇರೆ ಬಗೆಯ ಉದ್ಯಮಿಯಾಗುತ್ತದೆ.

ಲೆಕ್ಕಕ್ಕೆ ಬಾರದ ಇನ್ನೊಂದು ಬಾಬ್ತು ನೀರು. ಲೀವೈಸ್ ಕಂಪನಿ 2015ರಲ್ಲಿ ಹೊರತಂದ ಅಂದಾಜಿನಂತೆ ಒಂದು ಜೀನ್ಸ್ ಪ್ಯಾಂಟು ಹತ್ತಿ ಹೊಲದಿಂದ ಹಿಡಿದು ಮನೆಯ ಒಗೆತದವರೆಗೆ ಸುಮಾರು 3,780 ಲೀಟರ್ ನೀರು ಬೇಡುತ್ತದೆ. ಅದರಲ್ಲಿ ಹೆಚ್ಚಿನದು ಹತ್ತಿ ಬೆಳೆಗೆ ಹೋಗುವ ನೀರು. ಇತ್ತ ಬಟ್ಟೆಗೆ ಬಣ್ಣ ಕಳೆಯುವ ವಾಷಿಂಗ್ ಘಟಕಗಳ ನೀಲಿ ನೀರು ಎಲ್ಲಿಗೆ ಹರಿಯಬೇಕು ಎಂಬುದು ಬಳ್ಳಾರಿ ಬಹಳ ಕಾಲದಿಂದ ಎದುರಿಸುತ್ತಿರುವ ಪ್ರಶ್ನೆ. ಸಾವಿರಾರು ಕುಟುಂಬಗಳ ಅನ್ನವೂ ಈ ಕಸುಬಿನಲ್ಲಿದೆ, ಊರಿನ ಮಣ್ಣು ನೀರಿನ ಆರೋಗ್ಯವೂ ಇದರಲ್ಲಿದೆ. ಎರಡನ್ನೂ ಒಟ್ಟಿಗೆ ಹಿಡಿದು ಯೋಚಿಸುವ ಅಭ್ಯಾಸ ಶಾಲೆಯಲ್ಲೇ ಶುರುವಾಗಲಿ.

ಕುರುಗೋಡು: ಬಿಸಿಲನ್ನು ಹದಕ್ಕೆ ತರುವ ಕೆಲಸ

ಮೆಣಸಿನಕಾಯಿ ಬೆಳೆದವರ ಎದೆಬಡಿತ ಒಣಗಿಸುವ ದಿನಗಳಲ್ಲಿ ಏರುತ್ತದೆ. ಹಣ್ಣಾದ ಕಾಯಿಯ ತೂಕದಲ್ಲಿ ಬಹುಪಾಲು ನೀರು. ಅದನ್ನು ನೂರಕ್ಕೆ ಹತ್ತು ಹನ್ನೊಂದಕ್ಕೆ ಇಳಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳಿಂದ ಅಫ್ಲಟಾಕ್ಸಿನ್ ಎಂಬ ವಿಷ ಸೇರಿಕೊಂಡು ಸರಕು ಬೇಡವಾಗುತ್ತದೆ. ನೆಲಕ್ಕೆ ಹರವಿದರೆ ಮಣ್ಣು, ಕಸ, ರಾತ್ರಿಯ ಇಬ್ಬನಿ. ಬಿಸಿಲು ಹೆಚ್ಚಾದರೆ ಬಣ್ಣ ಮಾಸುತ್ತದೆ, ಬಣ್ಣ ಮಾಸಿದರೆ ಬ್ಯಾಡಗಿ ಪೇಟೆಯಲ್ಲಿ ಬೆಲೆ ಬಿತ್ತು.

ಹಳೆಯ ಮರದ ಚೌಕಟ್ಟು, ಕಪ್ಪು ಬಳಿದ ತಗಡು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಕೆಳಗೆ ಗಾಳಿ ಬರಲು ಕಿಂಡಿ, ಮೇಲೆ ಹೋಗಲು ಕಿಂಡಿ. ಇಷ್ಟಿದ್ದರೆ ಬಿಸಿಲಿನ ಒಣಗಿಸುವ ಪೆಟ್ಟಿಗೆ ತಯಾರು. ಒಂದು ಕಿಲೋ ಕಾಯಿ ಪೆಟ್ಟಿಗೆಯೊಳಗೆ, ಒಂದು ಕಿಲೋ ನೆಲದ ಮೇಲೆ, ಇನ್ನೊಂದು ಕಿಲೋ ಬಟ್ಟೆ ಮುಚ್ಚಿದ ಜಾಲರಿಯ ಮೇಲೆ ಇಟ್ಟು ಬೆಳಿಗ್ಗೆ ಸಂಜೆ ತೂಗಿ ಬರೆದುಕೊಳ್ಳಲಿ. ಯಾವುದು ಬೇಗ ಒಣಗಿತು, ಯಾವುದರ ಬಣ್ಣ ಉಳಿಯಿತು, ಪೆಟ್ಟಿಗೆಯ ಖರ್ಚು ಎಷ್ಟು ಸುಗ್ಗಿಗೆ ಮರಳಿ ಬರುತ್ತದೆ ಎಂದು ಗ್ರಾಫ್ ಎಳೆಯಲಿ. ಆಮೇಲೆ ಆ ಗ್ರಾಫನ್ನು ಊರಿನ ರೈತರ ಮುಂದೆ ಇಡಲಿ. ‘ತಮ್ಮಾ, ನನಗೆ ಹತ್ತು ಕ್ವಿಂಟಲ್ ಇದೆ, ನಿನ್ನ ಪೆಟ್ಟಿಗೆಗೆ ಒಂದು ಕಿಲೋ ಹಿಡಿಯುತ್ತದಲ್ಲ?’ ಎಂದು ರೈತ ಕೇಳುವ ಪ್ರಶ್ನೆ ಯಾವ ತೀರ್ಪುಗಾರರ ಪ್ರಶ್ನೆಗಿಂತಲೂ ದೊಡ್ಡದು. ಮಾದರಿಯಿಂದ ಉದ್ಯಮಕ್ಕೆ ಇರುವ ದೂರ ಎಷ್ಟೆಂದು ಮಗುವಿಗೆ ಆ ಗಳಿಗೆಯಲ್ಲಿ ತಿಳಿಯುತ್ತದೆ.

ಮಕ್ಕಳ ಸಂತೆಯಿಂದ ಮುಂದಕ್ಕೆ

ಉದ್ಯಮದ ಪಾಠಕ್ಕೆ ನಾವು ದೂರ ಹೋಗಬೇಕಿಲ್ಲ. ಕನ್ನಡ ನಾಡಿನ ಸರ್ಕಾರಿ ಶಾಲೆಗಳಲ್ಲಿ ‘ಮಕ್ಕಳ ಸಂತೆ’, ‘ಮೆಟ್ರಿಕ್ ಮೇಳ’ ಎಂದು ಮಕ್ಕಳು ತರಕಾರಿ, ಮಂಡಕ್ಕಿ, ಮಿರ್ಚಿ ಮಾರಿ ಚಿಲ್ಲರೆ ಎಣಿಸುವುದು ಹಳೆಯ ರೂಢಿ. ದೆಹಲಿ ಸರ್ಕಾರ 2021ರಲ್ಲಿ ‘ಬಿಸಿನೆಸ್ ಬ್ಲಾಸ್ಟರ್ಸ್’ ಹೆಸರಿನಲ್ಲಿ 11, 12ನೇ ತರಗತಿಯವರಿಗೆ ತಲಾ 2,000 ರೂಪಾಯಿ ಮೂಲಧನ ಕೊಟ್ಟು ಗುಂಪಾಗಿ ವ್ಯಾಪಾರ ಹೂಡಲು ಬಿಟ್ಟಿತು. ನಮ್ಮ ಸಂತೆಗೂ ಅದಕ್ಕೂ ಇರುವ ಅಂತರ ಒಂದೇ: ಅಲ್ಲಿ ವಸ್ತುವನ್ನು ಯೋಚಿಸಿದವರೂ ನಷ್ಟವಾದರೆ ತಿದ್ದಿಕೊಂಡವರೂ ಮಕ್ಕಳೇ. ಸಂತೆಯ ದಿನ ಅಮ್ಮ ಮಾಡಿಕೊಟ್ಟದ್ದನ್ನು ಮಾರುವ ಬದಲು ಮೂರು ತಿಂಗಳು ತಾವೇ ತಿದ್ದಿ ತೀಡಿದ್ದನ್ನು ಮಾರಿದರೆ ಅಂತರ ಅಳಿಯುತ್ತದೆ.

ಇಲ್ಲಿ ಒಂದು ಗೆರೆ ಎಳೆಯಲೇಬೇಕು. ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಶಾಲೆ ಬಿಟ್ಟು ಹೋಗುವ ಮಕ್ಕಳಿರುವ ಸೀಮೆ ಇದು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕಸುಬಿನ ಮೂಲಕ ಶಿಕ್ಷಣ ಎಂಬ ವಿಚಾರ ಮುಂದಿಟ್ಟಾಗ ಅದಕ್ಕೆ ಯೋಜನೆ ಬರೆದ ಜಾಕಿರ್ ಹುಸೇನ್ ಸಮಿತಿಯೇ, ಗಳಿಕೆ ಮುಂದಾಗಿ ಕಲಿಕೆ ಹಿಂದಾಗುವ ಅಪಾಯವನ್ನು ಎತ್ತಿ ಹೇಳಿತ್ತು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಹದಿನಾಲ್ಕರ ಒಳಗಿನವರನ್ನು ಯಾವ ಕೆಲಸಕ್ಕೂ ನೇಮಿಸಿಕೊಳ್ಳಬಾರದು ಎನ್ನುತ್ತದೆ. ಮಕ್ಕಳ ಪ್ರಯೋಗದಿಂದ ಬಂದ ಹಣ ಮುಂದಿನ ಪ್ರಯೋಗಕ್ಕೆ ಹೋಗಲಿ. ಎಷ್ಟು ಮಾರಿದಿರಿ ಎಂಬುದಕ್ಕಿಂತ ಏನು ತಿಳಿಯಿತು ಎಂಬುದಕ್ಕೆ ಅಂಕ ಇರಲಿ. ಹೊಟ್ಟು ಸುಡುವುದು, ತಗಡು ಕತ್ತರಿಸುವುದು ದೊಡ್ಡವರ ಕೈಯಲ್ಲಿರಲಿ.

ಈ ನೆಲಕ್ಕೆ ಹೊಸದಲ್ಲ

ಬಳ್ಳಾರಿಯ ಹೊರವಲಯದ ಸಂಗನಕಲ್ಲಿನ ಗುಡ್ಡಗಳಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದೆ ಕಲ್ಲಿನ ಕೊಡಲಿಗಳನ್ನು ರಾಶಿ ರಾಶಿ ತಯಾರಿಸುತ್ತಿದ್ದರು. ಯಾವ ಕಲ್ಲು ಒಡೆಯುತ್ತದೆ, ಯಾವುದು ಅಲಗು ಹಿಡಿಯುತ್ತದೆ ಎಂದು ಕರಿಕಲ್ಲಿನ ಪಟ್ಟೆಗಳನ್ನು ಹುಡುಕಿ ಆರಿಸಿದ ಕುಶಲಿಗರು ಅವರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲೂ ನವಶಿಲಾಯುಗದ ಜನ ಬಾಳಿದ್ದರು. ಕುಡತಿನಿಯ ಬೂದಿ ದಿಬ್ಬ ಆ ಕಾಲದ ದನಗಾಹಿಗಳು ಸಗಣಿ ಒಟ್ಟಿ ಸುಟ್ಟು ಉಳಿಸಿದ ಗುರುತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಅಲೆದು ಬರೆದಿಟ್ಟದ್ದರಿಂದ ಅವರ ಹೆಸರಿನ ವಸ್ತುಸಂಗ್ರಹಾಲಯ ಬಳ್ಳಾರಿಯಲ್ಲಿದೆ. ಚೀಲವಿಲ್ಲದ ಒಂದು ದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕು. ಸಿಕ್ಕಿದ್ದನ್ನು ಪರೀಕ್ಷಿಸಿ ಬೇಕಾದದ್ದನ್ನು ಮಾಡಿಕೊಳ್ಳುವುದು ಈ ಮಣ್ಣಿನ ಹಳೆಯ ವಿದ್ಯೆ ಎಂದು ಅವರಿಗೆ ಕಣ್ಣಾರೆ ಕಾಣಲಿ.

ವರ್ಷದ ಪಂಚಾಂಗ ಹೀಗಿರಲಿ

ಹಣ ಇದೆ. ಗಣಿ ಜಿಲ್ಲೆಗಳಿಗೆ ಬರುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಶಿಕ್ಷಣ ಆದ್ಯತೆಯ ವಲಯ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೂ ಶಾಲೆಗಳ ಹೊಣೆಯಿದೆ. ಕಟ್ಟಡದ ಜೊತೆಗೆ ಪ್ರತಿ ಪ್ರೌಢಶಾಲೆಗೆ ಒಂದು ತಕ್ಕಡಿ, ಉಷ್ಣಮಾಪಕ, ಕೈಗರಗಸ, ಹೊಲಿಗೆ ಯಂತ್ರ, ಒಂದಿಷ್ಟು ಕೈಸಾಲದ ಮೂಲಧನ ಕೊಟ್ಟರೆ ಸಾಕು, ಕೆಲಸ ಶುರುವಾಗುತ್ತದೆ.

ಜೂನ್, ಜುಲೈನಲ್ಲಿ ಮಕ್ಕಳು ಊರು ಸುತ್ತಿ ಮೂರು ತೊಂದರೆ ಪಟ್ಟಿ ಮಾಡಲಿ. ಕಾಲುವೆಗೆ ನೀರು ಬಿಟ್ಟ ಮೇಲೆ ಸೋಸುವ ಪ್ರಯೋಗ, ದಸರೆ ರಜೆ ಕಳೆದ ಮೇಲೆ ಚಿಂದಿಯ ಕೆಲಸ, ನವೆಂಬರಿನಲ್ಲಿ ಭತ್ತದ ಕೊಯ್ಲಿನೊಂದಿಗೆ ಹೊಟ್ಟು ಮತ್ತು ಅಣಬೆ, ಜನವರಿಯಲ್ಲಿ ಮೆಣಸಿನಕಾಯಿ. ಫೆಬ್ರುವರಿಯಲ್ಲಿ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಶಾಲೆಗಳು ಸೇರಿ ಒಂದು ಸಂತೆ ಮಾಡಲಿ. ಪ್ರತಿ ಮಳಿಗೆಯಲ್ಲೂ ವಸ್ತುವಿನ ಪಕ್ಕ ಅದರ ಲೆಕ್ಕದ ಪುಸ್ತಕ ತೆರೆದಿರಲಿ: ಖರ್ಚು, ಕೂಲಿ, ನೀರು, ಉಳಿದ ಕಸ, ಕೈಕೊಟ್ಟ ಪ್ರಯೋಗಗಳು. ಗಿರಣಿ ಮಾಲೀಕರು, ದರ್ಜಿಗಳು, ರೈತರು ಬಂದು ಆ ಪುಸ್ತಕ ಓದಿ ಪ್ರಶ್ನೆ ಕೇಳಲಿ. ಮುಂದಿನ ಜೂನಿನಲ್ಲಿ ಹೊಸ ತರಗತಿ ಅದೇ ಪುಸ್ತಕದ ಮುಂದಿನ ಪುಟದಿಂದ ಕೆಲಸ ಹಿಡಿಯಬೇಕು. ಹತ್ತು ವರ್ಷ ಹೀಗೆ ನಡೆದರೆ ತನ್ನ ಹೊಟ್ಟು, ಚಿಂದಿ, ನೀರಿನ ಬಗ್ಗೆ ಈ ಸೀಮೆಯ ಬಳಿ ಅದರ ಮಕ್ಕಳೇ ಅಳೆದು ಬರೆದ ದಾಖಲೆ ಇರುತ್ತದೆ. ಜಿಲ್ಲೆಯ ಮುಂದಿನ ಕೈಗಾರಿಕೆ ಹೇಗಿರಬೇಕೆಂದು ನಿರ್ಧರಿಸುವವರು ಮೊದಲು ಓದಬೇಕಾದದ್ದು ಆ ದಾಖಲೆಯನ್ನೇ.