ಮೊದಲು ಮಾಡಿದವರೇ ಇಲ್ಲದ ಜಗಳ

ಗಂಡ–ಹೆಂಡತಿ ವ್ಯಾಜ್ಯದ ಕಾಗದ ಕೈಗೆ ಬಂದರೆ ನಾನು ಮೊದಲು ಹುಡುಕುವುದು ತಾರೀಖು. ದಾವೆಗೆ ಕಾರಣ ಯಾವಾಗ ಹುಟ್ಟಿತು ಎಂದು ಅರ್ಜಿಯಲ್ಲಿ ಬರೆಯಬೇಕಾಗುತ್ತದೆ. ಗಂಡ ಒಂದು ತಾರೀಖು ಬರೆಸಿರುತ್ತಾನೆ, ಹೆಂಡತಿಯ ತಕರಾರಿನಲ್ಲಿ ಇನ್ನೊಂದು ಇರುತ್ತದೆ. ಎಷ್ಟೋ ಸಲ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಆಕೆಯ ಪ್ರಕಾರ ಮೊದಲು ಮಾಡಿದವ ಅವನು, ಅವನ ಪ್ರಕಾರ ಆಕೆ. “ನಾ ಏನ್ ಮಾಡೀನ್ರಿ ಮೇಡಂ? ಅವ ಮಾಡಿದ್ದಕ್ಕ ತಿರುಗಿ ಮಾಡೀನಿ, ಅಷ್ಟೇ” — ಅಫಜಲಪುರದ ಕೋರ್ಟಿನ ಕಟ್ಟೆಯ ಮೇಲೆ ನಾನು ದಿನಾ ಕೇಳುವ ಮಾತು ಇದು.

ನಮ್ಮ ಕರಜಗಿ ಕಡೆಯದೇ ಒಂದು ಜೋಡಿ. ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತೇನೆ. ಗಂಡನ ಅರ್ಜಿಯಂತೆ ಜಗಳ ಶುರುವಾದದ್ದು ಅವನ ತಂಗಿಯ ಕುಬಸದ ದಿನ. ಬಂದವರ ಎದುರಿಗೇ ಹೆಂಡತಿ ಚೀಲ ಹಿಡಿದು ತವರಿಗೆ ಹೊರಟಳು. ಹೆಂಡತಿ ಹೇಳುವ ತಾರೀಖು ಅದಕ್ಕಿಂತ ನಾಲ್ಕು ತಿಂಗಳು ಹಿಂದಿನದು. ಕಬ್ಬಿಗೆ ನೀರು ಸಾಲದೆ ಬೋರು ಹಾಕಿಸಲು ಅವನು ಆಕೆಯ ಎರಡು ತೊಲ ಬಂಗಾರವನ್ನು ಕೇಳದೇ ಅಡವಿಟ್ಟ. ಆಮೇಲಿನದೆಲ್ಲ ಕೊಟ್ಟು ತೆಗೆದುಕೊಂಡದ್ದೇ. ಆಕೆ ಟ್ರಂಕಿನ ಕೀಲಿ ತವರಿಗೆ ಒಯ್ದಳು. ಅವನು ಆಕೆಯ ಫೋನಿಗೆ ರೀಚಾರ್ಜು ನಿಲ್ಲಿಸಿದ. ಆಕೆ ಅವನ ಸಾಲದ ಲೆಕ್ಕವನ್ನು ಓಣಿಯಲ್ಲೆಲ್ಲ ಹೇಳಿದಳು. ಅವನು ಆಕೆಯ ತವರಿನವರು ಕೊಟ್ಟಿದ್ದ ಹೊಲಿಗೆ ಯಂತ್ರವನ್ನು ಗುಜರಿಗೆ ಹಾಕಿದ.

ಆ ಯಂತ್ರ ಚೆನ್ನಾಗಿ ನಡೆಯುತ್ತಿತ್ತು. ಯಾರಿಗಾದರೂ ಮಾರಿದ್ದರೆ ಒಳ್ಳೆಯ ಬೆಲೆ ಬರುತ್ತಿತ್ತು, ಅವನಿಗೆ ದುಡ್ಡಿನ ತಾಪತ್ರಯವೂ ಇತ್ತು. ಆದರೂ ತೂಕದ ಲೆಕ್ಕದಲ್ಲಿ ಕಬ್ಬಿಣ ಮಾಡಿ ಕಳಿಸಿದ. ಈಗ ಮಗಳ ಶಾಲೆಯ ಬಟ್ಟೆ ಹೊಲಿಸಲು ಸಿಂಪಿಗರ ಅಂಗಡಿಗೆ ಅವನೇ ದುಡ್ಡು ಎಣಿಸುತ್ತಾನೆ.

ಕೈಯಿಂದ ಹಾಕಿ ಸೇಡು ತೀರಿಸಿಕೊಳ್ಳುವುದು ಅವನೊಬ್ಬನ ಹುಚ್ಚಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸಂಶೋಧಕರು ಜನರಿಗೆ ದುಡ್ಡಿನ ಆಟ ಆಡಿಸಿ, ನಂಬಿಕೆದ್ರೋಹ ಮಾಡಿದವನಿಗೆ ದಂಡ ಹಾಕುವ ಅವಕಾಶ ಕೊಟ್ಟು, ಅದೇ ಹೊತ್ತಿಗೆ ಮೆದುಳಿನ ಚಿತ್ರ ತೆಗೆದರು. 2004ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ದಂಡ ಹಾಕಲು ತಮ್ಮ ಕಿಸೆಯಿಂದಲೇ ಖರ್ಚು ಮಾಡಬೇಕಾದರೂ ಜನ ಹಿಂಜರಿಯಲಿಲ್ಲ. ಆ ಗಳಿಗೆಯಲ್ಲಿ ಚುರುಕಾದದ್ದು ಬಹುಮಾನದ ಸುಖಕ್ಕೆ ಸಂಬಂಧಿಸಿದ ಮೆದುಳಿನ ಭಾಗ.

ಆದರೆ ಆ ಸುಖ ಬಾಳುವುದಿಲ್ಲ. 2008ರಲ್ಲಿ ಅಮೆರಿಕದ ಕೆವಿನ್ ಕಾರ್ಲ್‌ಸ್ಮಿತ್, ಟಿಮೊಥಿ ವಿಲ್ಸನ್, ಡೇನಿಯಲ್ ಗಿಲ್ಬರ್ಟ್ ಇಂಥದೇ ಆಟವಾಡಿಸಿ ನೋಡಿದರು. ಮೋಸಗಾರನಿಗೆ ದಂಡ ಹಾಕಿದರೆ ಹಗುರಾಗುತ್ತೇವೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆದದ್ದು ತಿರುಗುಮುರುಗು. ದಂಡ ಹಾಕಿದವರೇ ಹೆಚ್ಚು ಬೇಸರದಲ್ಲಿದ್ದರು, ಮೋಸಗಾರನನ್ನು ಹೆಚ್ಚು ನೆನೆಯುತ್ತಿದ್ದರು. ಅವಕಾಶವೇ ಸಿಗದವರು ವಿಷಯ ಬಿಟ್ಟು ಮುಂದೆ ಹೋಗಿದ್ದರು. ಸೇಡು ಮರೆಯಲು ಬಿಡುವುದಿಲ್ಲ. ಬಿಟ್ಟುಹೋದವರನ್ನು ಮನಸ್ಸಿನಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂರಿಸುತ್ತದೆ.

ಇನ್ನು ಜಗಳ ಬೆಳೆಯುವ ಬಗೆ. ಲಂಡನ್ನಿನಲ್ಲಿ 2003ರಲ್ಲಿ ಇಬ್ಬಿಬ್ಬರನ್ನು ಕೂರಿಸಿ, “ನಿಮ್ಮ ಬೆರಳನ್ನು ಅವರು ಎಷ್ಟು ಒತ್ತಿದರೋ ಅಷ್ಟೇ ತಿರುಗಿ ಒತ್ತಿ” ಎಂದರು. ಪ್ರತಿ ಸರದಿಗೂ ಬಲ ಏರುತ್ತಲೇ ಹೋಯಿತು. ತಾನು ಒತ್ತಿದ ಬಲ ಮೆದುಳಿಗೆ ಕಡಿಮೆ ಅನಿಸುತ್ತದೆ, ತನ್ನ ಮೇಲೆ ಬಿದ್ದದ್ದು ಪೂರ್ತಿ ತಾಗುತ್ತದೆ. ಹೀಗಾಗಿ ಸಮಸಮ ಮಾಡಿದೆ ಎಂದು ಇಬ್ಬರೂ ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಬೆರಳಿನ ಒತ್ತಡವೇ ಹೀಗಾದರೆ ಮಾತಿನ ಪೆಟ್ಟು ಹೇಗಾದೀತು?

ಈ ಕಥೆ ನಮ್ಮ ನೆಲಕ್ಕೆ ಹೊಸದಲ್ಲ. ಕಲಬುರಗಿ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಹತ್ತನೆಯ ಶತಮಾನದಲ್ಲಿ, ಪುಷ್ಪದಂತ ಅಲ್ಲಿ ಕೂತು ಯಶೋಧರನ ಕಥೆಯನ್ನು ಅಪಭ್ರಂಶದಲ್ಲಿ ಬರೆದ. 1209ರಲ್ಲಿ ಜನ್ನ ಅದೇ ಯಶೋಧರನ ಕಥೆಯನ್ನು ಕನ್ನಡದಲ್ಲಿ ಬರೆದ. ಹೆಂಡತಿ ಅಮೃತಮತಿ ಮಾವುತನ ಬಳಿ ಹೋಗುವುದನ್ನು ಕಣ್ಣಾರೆ ಕಂಡ ಯಶೋಧರ ನೇರ ಏನೂ ಕೇಳಲಿಲ್ಲ. ಸರಸದಂತೆ ನೈದಿಲೆ ಹೂವಿನಿಂದ ಹೊಡೆದು ಕುಹಕವಾಡಿದ. ಕೊನೆಗೆ ಆಕೆ ಗಂಡನಿಗೂ ಅತ್ತೆಗೂ ವಿಷವಿಟ್ಟಳು. ಬಾಯಿಬಿಟ್ಟು ಆಡದ ಸಿಟ್ಟು ಕೊಂಕಾಗಿ ಹೊರಬಿದ್ದರೆ ಕೇಳಿದವರಿಗೆ ಅದು ಬೆದರಿಕೆಯಾಗಿಯೇ ಮುಟ್ಟುತ್ತದೆ. ನನ್ನ ಬಳಿ ಬರುವ ಅರ್ಧ ಜಗಳಗಳು ಈ ಹೂವಿನ ಹಂತದಲ್ಲೇ ಇರುತ್ತವೆ. ಅಲ್ಲಿಯೇ ತಡೆಯಲು ಸಾಧ್ಯ.

ಆದರೆ ಎಲ್ಲವನ್ನೂ “ಇಬ್ಬರದೂ ತಪ್ಪದ” ಎಂದು ತೂಗಿ ಕಳಿಸುವ ಪಂಚಾಯಿತಿಯ ರೂಢಿ ನನಗೆ ಒಪ್ಪಿಗೆಯಿಲ್ಲ. ಒಬ್ಬರು ಹೊಡೆಯುವವರು, ಇನ್ನೊಬ್ಬರು ತಿನ್ನುವವರು ಎಂದಾದರೆ ಅದು ಜಗಳವಲ್ಲ, ಅಪರಾಧ. ಜೀವನಾಂಶ ಕೇಳುವುದು, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣೆ ಕೇಳುವುದು ಸೇಡಲ್ಲ, ಹಕ್ಕು. ಒಲ್ಲೆ ಎಂದವಳ ಮೇಲೆ ತೀರಿಸಿಕೊಳ್ಳುವ ಸೇಡಂತೂ ಬೇರೆಯದೇ ಜಾತಿಯದು. 1999ರಲ್ಲಿ ಬೆಂಗಳೂರಿನಲ್ಲಿ ಒಬ್ಬ, ತನ್ನ ಸಂಸ್ಥೆಯ ಕೆಲಸ ಬಿಟ್ಟುಹೋದ ಯುವತಿಗೆ ಆಸಿಡ್ ಎರಚಿದ. 2006ರಲ್ಲಿ ಹೈಕೋರ್ಟು ಅವನ ಶಿಕ್ಷೆಯನ್ನು ಜೀವಾವಧಿಗೆ ಏರಿಸಿತು. 2013ರಲ್ಲಿ ಸುಪ್ರೀಂ ಕೋರ್ಟು ಆಸಿಡ್ ಮಾರಾಟಕ್ಕೆ ಕಡಿವಾಣ ಹಾಕಿ, ಸಂತ್ರಸ್ತರಿಗೆ ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಈಗಿನ ಆಯುಧ ಮೊಬೈಲು. ಪ್ರೀತಿಯಲ್ಲಿದ್ದಾಗ ತೆಗೆದ ಖಾಸಗಿ ಲೈಂಗಿಕ ವಿಡಿಯೋವನ್ನು ಮುನಿಸಿನಲ್ಲಿ ಹರಿಬಿಟ್ಟರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮಿನಡಿ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು.

ನನ್ನ ಕಕ್ಷಿದಾರರಿಗೆ ನಾನು ಒಂದು ಕೆಲಸ ಹೇಳುತ್ತೇನೆ: ಜಗಳ ಶುರುವಾದ ತಾರೀಖಿಗಿಂತ ಹಿಂದಿನ ತಾರೀಖು ಎದುರಿನವರ ಬಳಿ ಯಾವುದಿದೆ, ಬರೆದು ತನ್ನಿ. ಕೆಲವರು ಸಿಟ್ಟಾಗುತ್ತಾರೆ. ಬರೆದು ತಂದವರು ಮಧ್ಯಸ್ಥಿಕೆಯ ಮೇಜಿಗೆ ಕೂರಲು ಒಪ್ಪುತ್ತಾರೆ. ಕೂಡಿ ಬಾಳಲಾಗದಿದ್ದರೂ ಕೆಡಿಸಿಕೊಳ್ಳದೆ ಬೇರೆಯಾಗುತ್ತಾರೆ. ಹೆದರಿಕೆ ಇದ್ದವರು ಮಾತ್ರ ಮಾತುಕತೆಗೆ ಕಾಯಬೇಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಸೈಬರ್ ಅಪರಾಧದ ದೂರಿಗೆ 1930. ವಕೀಲರ ಫೀಜಿನ ಚಿಂತೆಯೂ ಬೇಡ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.