ಹಲವು ನುಡಿಗಳ ಅಡುಗೆಮನೆ

ಉಳವಿಯ ಚನ್ನಬಸವಣ್ಣನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬರುವ ಭಕ್ತರಿಗೂ ಕಾಳಿ ನದಿಯ ರಾಫ್ಟಿಂಗ್‌ಗೆಂದು ಬರುವ ಪ್ರವಾಸಿಗರಿಗೂ ಊಟ ಒದಗಿಸಬೇಕಾದ ಜೋಯಿಡಾ–ದಾಂಡೇಲಿ ಸೀಮೆಯಲ್ಲಿ ಹೋಟೆಲ್ ಸಿಬ್ಬಂದಿಯ ವೈವಿಧ್ಯ, ಅಂದರೆ ಭಾಷೆ, ಸಮುದಾಯ, ಲಿಂಗ, ವಯಸ್ಸು ಮತ್ತು ಅನುಭವಗಳಲ್ಲಿನ ಭಿನ್ನತೆ, ಯಾರೂ ಯೋಜಿಸಿ ತಂದದ್ದಲ್ಲ. ಅದು ನೆಲದ ಗುಣ. ಕುಣಬಿ, ಗೌಳಿ ಮತ್ತು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿ ಸಮುದಾಯಗಳು ಇಲ್ಲಿಯವೇ ಆಗಿದ್ದು, ಅದೇ ಜಿಲ್ಲೆಯ ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರು ನೆಲೆಸಿದ್ದಾರೆ; ಕನ್ನಡ, ಕೊಂಕಣಿ, ಮರಾಠಿಗಳಂತೂ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ.

ಈ ಭಿನ್ನತೆ ಕಾರ್ಯಕ್ಷಮತೆಯನ್ನು ತಾನಾಗಿಯೇ ಹೆಚ್ಚಿಸುವುದಿಲ್ಲ. ಸಂಶೋಧಕರಾದ ಕ್ಯಾಥರೀನ್ ವಿಲಿಯಮ್ಸ್ ಮತ್ತು ಚಾರ್ಲ್ಸ್ ಓರೈಲಿ 1998ರಲ್ಲಿ ಈ ಕುರಿತ ನಲವತ್ತು ವರ್ಷಗಳ ಸಂಶೋಧನೆಯನ್ನು ಪರಿಶೀಲಿಸಿ, ಫಲಿತಾಂಶಗಳು ಮಿಶ್ರವೆಂದೇ ಕಂಡರು: ಭಿನ್ನ ಅರಿವು ಲಾಭ ತರುತ್ತದೆ, ‘ನಮ್ಮವರು–ಅವರು’ ಎಂಬ ವಿಂಗಡಣೆ ಅದನ್ನು ನುಂಗುತ್ತದೆ. ಅಡುಗೆಮನೆಯಲ್ಲಿ ಇದು ಬೇಗ ಬಯಲಾಗುತ್ತದೆ; ಖಾರ ಬೇಡವೆಂದ ಗಿರಾಕಿಯ ಮಾತು ಸಪ್ಲೈಯರ್‌ನಿಂದ ಒಲೆಯ ಮುಂದಿನವರಿಗೆ ಭಾಷೆ ದಾಟಿ ತಲುಪದಿದ್ದರೆ ತಟ್ಟೆ ಹಿಂದಿರುಗಿ ಬರುತ್ತದೆ, ಸಮಯವೂ ಸಾಮಗ್ರಿಯೂ ಹಾಳಾಗುತ್ತವೆ. ಆದರೆ ಜೋಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆಗಳನ್ನು ಬಲ್ಲ ಕೈಯೊಂದು ಅಲ್ಲಿದ್ದರೆ ಊಟದ ಪಟ್ಟಿಗೆ ಬೇರೆಡೆ ಸಿಗದ ಪಲ್ಯವೊಂದು ಸೇರುತ್ತದೆ.

ಅಸಲು ತೊಡಕು (ಇದನ್ನು ಮಾಲೀಕರು ವಿರಳವಾಗಿ ಒಪ್ಪುತ್ತಾರೆ) ಭಾಷೆಯದ್ದಕ್ಕಿಂತ ಹುದ್ದೆಯದ್ದು: ಸ್ಥಳೀಯರು ಪಾತ್ರೆ ತೊಳೆಯುವಲ್ಲಿಯೂ ಹೊರಗಿನಿಂದ ಬಂದವರು ಗಲ್ಲೆಯಲ್ಲಿಯೂ ಉಳಿದರೆ, ಆ ಗೆಡ್ಡೆಯ ಅರಿವು ಊಟದ ಪಟ್ಟಿಯವರೆಗೆ ಬರುವುದೇ ಇಲ್ಲ.