ಗಂಟು ತೆಗೆಸುವ ಮೊದಲು ಕರೆಂಟಿನ ದಿನ ಗೊತ್ತುಮಾಡಿ

ಕಿವಿ ಚುಚ್ಚಿಸಿದಲ್ಲಿ, ತೋಟದ ಕೆಲಸದಲ್ಲಿ ಕತ್ತಿ ತಾಗಿದಲ್ಲಿ, ಎದೆಯ ಮೇಲಿನ ಮೊಡವೆ ಒಣಗಿದಲ್ಲಿ, ಗಾಯ ಮಾಯ್ದ ಮೇಲೂ ಕೆಲವರಿಗೆ ಚರ್ಮ ಬೆಳೆಯುತ್ತಲೇ ಹೋಗುತ್ತದೆ. ಗಾಯದ ಅಂಚು ದಾಟಿ ಹಬ್ಬುವ, ತುರಿಸುವ, ನೋಯುವ ಈ ಗಟ್ಟಿ ಗಂಟೇ ಕೀಲಾಯ್ಡ್. ಕ್ಯಾನ್ಸರ್ ಅಲ್ಲ, ಅಂಟುಜಾಡ್ಯವೂ ಅಲ್ಲ. ಗಾಯ ಕೂಡಿಸಲು ಕೊಲಾಜನ್ ತಯಾರಿಸುವ ಫೈಬ್ರೊಬ್ಲಾಸ್ಟ್ ಜೀವಕೋಶಗಳು ಕೆಲಸ ಮುಗಿದರೂ ನಿಲ್ಲಿಸದೆ ಇರುವುದರಿಂದ ಹೀಗಾಗುತ್ತದೆ.

ಸಣ್ಣ, ಹೊಸ ಗಂಟಿಗೆ ಟ್ರಯಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಸಾಕಾಗಬಹುದು. ದೊಡ್ಡದನ್ನು ಕಾರ್ಬನ್ ಡೈಆಕ್ಸೈಡ್ ಲೇಸರ್‌ನಿಂದ ತೆಗೆಯಬಹುದು: ಚರ್ಮದಲ್ಲಿರುವ ನೀರು ಕಿರಣ ಹೀರಿ ಆವಿಯಾಗುತ್ತದೆ, ಹೆಚ್ಚು ರಕ್ತ ಸೋರದೆ ಗಂಟು ಪದರ ಪದರವಾಗಿ ಇಳಿಯುತ್ತದೆ. ಆದರೆ ಲೇಸರ್ ಮಾಡುವುದೂ ಗಾಯವನ್ನೇ. ಅಷ್ಟಕ್ಕೇ ಬಿಟ್ಟರೆ ಗಂಟು ಮತ್ತೆ ಏಳುವ ಸಂಭವವೇ ಹೆಚ್ಚು, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ.

ಜನ ‘ಕರೆಂಟ್ ಕೊಡಿಸುವುದು’ ಎನ್ನುವ ವಿಕಿರಣ ಬೇಕಾಗುವುದು ಇಲ್ಲೇ. ಹಸಿ ಗಾಯದಲ್ಲಿ ಹೊಸದಾಗಿ ಹುಟ್ಟುತ್ತಿರುವ ಫೈಬ್ರೊಬ್ಲಾಸ್ಟ್‌ಗಳನ್ನು ಅದು ತಡೆಯುತ್ತದೆ. ಅವು ಬೇರೂರಿದ ಮೇಲೆ ಕೊಟ್ಟರೆ ಫಲ ಕಡಿಮೆ. ಹಾಗಾಗಿ ಮೊದಲ ಸರದಿ ಗಂಟು ತೆಗೆದ 24 ಗಂಟೆಯೊಳಗೆ ಆಗುವುದು ಒಳ್ಳೆಯದು, 72 ಗಂಟೆ ಮೀರಬಾರದು. ಎರಡರಿಂದ ನಾಲ್ಕು ಸರದಿಯಲ್ಲಿ ಒಟ್ಟು 10ರಿಂದ 20 ಗ್ರೇ (ವಿಕಿರಣದ ಅಳತೆ) ಕೊಡುತ್ತಾರೆ. ಕಿವಿಗೆ ಕಡಿಮೆ, ಎದೆ–ಭುಜಕ್ಕೆ ಹೆಚ್ಚು. ಕ್ಯಾನ್ಸರಿಗಾದರೆ 50 ಗ್ರೇ ದಾಟುವುದು ಸಾಮಾನ್ಯ. ಕೀಲಾಯ್ಡ್‌ಗೆ ಬಳಸುವ ಎಲೆಕ್ಟ್ರಾನ್ ಕಿರಣ ಆಳಕ್ಕೆ ಇಳಿಯುವುದಿಲ್ಲ.

ಪೊನ್ನಂಪೇಟೆಯವರಿಗೆ ಕಷ್ಟವಾಗುವುದು ಈ ಗಂಟೆಗಳ ಲೆಕ್ಕವೇ. ಲೇಸರ್ ಇರುವುದು ಚರ್ಮವೈದ್ಯರ ಬಳಿ, ವಿಕಿರಣ ಯಂತ್ರ ಇರುವುದು ಕ್ಯಾನ್ಸರ್ ಆಸ್ಪತ್ರೆಯಲ್ಲಿ. ಲೇಸರ್ ಮಾಡಿಸಿಕೊಂಡು ಮನೆಗೆ ಬಂದು, ಆಮೇಲೆ ವಿಚಾರಿಸುತ್ತ ಕೂತರೆ ಹೊತ್ತು ಮೀರಿಹೋಗುತ್ತದೆ. ಗೋಣಿಕೊಪ್ಪ, ಹುಣಸೂರು ದಾಟಿ ಮೈಸೂರಿಗೆ ಹೋಗುವವರು ಮೊದಲು ವಿಕಿರಣ ತಜ್ಞರನ್ನು ಕಂಡು ದಿನ ಗೊತ್ತುಮಾಡಿಕೊಳ್ಳಿ. ಲೇಸರ್ ದಿನ ಅದಕ್ಕೆ ಹೊಂದಿಕೊಳ್ಳಲಿ. ಸೋಮವಾರವೋ ಮಂಗಳವಾರವೋ ಆದರೆ ಭಾನುವಾರದ ರಜೆ ಅಡ್ಡ ಬರುವುದಿಲ್ಲ. ಸರದಿ ಮುಗಿಯುವವರೆಗೆ ಅಲ್ಲೇ ನೆಂಟರ ಮನೆಯಲ್ಲಿ ಉಳಿಯಿರಿ. ಕಾಫಿ ಕುಯ್ಲಿನ ಹೊತ್ತಿಗಂತೂ ಬೇಡ: ಮೂಟೆ ಹೊತ್ತು ಗಾಯಕ್ಕೆ ಎಳೆತ ಬಿದ್ದರೆ ಗಂಟಿಗೆ ಮತ್ತೆ ದಾರಿಯಾಗುತ್ತದೆ.

ಗರ್ಭಿಣಿಯರಿಗೆ ವಿಕಿರಣ ಕೊಡುವುದಿಲ್ಲ. ಮಕ್ಕಳಿಗೂ ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಥೈರಾಯ್ಡ್, ಸ್ತನದ ಹತ್ತಿರವಾದರೆ ಹೆಚ್ಚು ಎಚ್ಚರ ಬೇಕು. ವಿಕಿರಣ ಕೊಟ್ಟ ಜಾಗ ಕಪ್ಪಾಗುವುದು ಸಹಜ. ಮುಂದೆಂದೋ ಕ್ಯಾನ್ಸರ್ ಬರುವ ಸಾಧ್ಯತೆ ತೀರಾ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾಗದು. ವೈದ್ಯರನ್ನು ನೇರವಾಗಿ ಕೇಳಿ. ಎರಡು ವರ್ಷವಾದರೂ ಜಾಗದ ಮೇಲೆ ಕಣ್ಣಿಡಿ. ತುರಿಕೆ ಶುರುವಾಗಿ ಅಂಚು ಗಟ್ಟಿಯಾದರೆ ಕಾಯಬೇಡಿ, ಆ ಹಂತದಲ್ಲೇ ಇಂಜೆಕ್ಷನ್ ಹಾಕಿಸಿದರೆ ಗಂಟು ಬಗ್ಗುವ ಸಾಧ್ಯತೆ ಹೆಚ್ಚು.